ಮೇಣ ಮೆತ್ತಿದ ಸನಾದಿ

ಹೋದ ತಿಂಗಳು ಹಳೆಯ ಮೈಕಿನ ಡಬ್ಬಿ ತೆಗೆದಾಗ ಅಜವಾನದ ವಾಸನೆ ಬಂತು. ಅಂಗಿಯ ಕಾಲರಿಗೆ ಸಿಕ್ಕಿಸುವ ಸಣ್ಣ ಮೈಕು ಅದು. ಗಾಳಿಯ ಸದ್ದು ತಡೆಯಲು ಅದಕ್ಕೊಂದು ಕಪ್ಪು ಸ್ಪಂಜಿನ ಟೊಪ್ಪಿಗೆ. ವಾಸನೆ ಇದ್ದದ್ದು ಆ ಟೊಪ್ಪಿಗೆಯಲ್ಲಿ. ನಾಲ್ಕು ವರ್ಷದ ಮೇಲೂ ವಾಸನೆ ಹೀಗೆ ಉಳಿಯುತ್ತದೆಯೋ, ಅಥವಾ ಮೂಗೂ ನನ್ನ ಹಾಗೆ ಕತೆ ಕಟ್ಟುತ್ತದೆಯೋ, ಗೊತ್ತಿಲ್ಲ.

ಆ ಬೇಸಿಗೆಯನ್ನು ಎಷ್ಟೋ ಜನರಿಗೆ ಹೇಳಿದ್ದೇನೆ. ಹೇಳಿದಷ್ಟೂ ಸಲ ಅದು ಚೆಂದವಾಗುತ್ತ ಬಂದಿದೆ. ಅದೇ ನನಗೆ ಅಂಜಿಕೆ. ಒಂದು ಸಲ, ಸಾಲಹಳ್ಳಿಯ ಹೊಲದಲ್ಲಿ ಮಳೆ ಬಂತು ಎಂದೆ. ರೆಕಾರ್ಡಿಂಗ್‌ನಲ್ಲಿ ಮಳೆಯಿಲ್ಲ. ಇನ್ನೊಂದು ಸಲ, ಯರಗಟ್ಟಿಯಲ್ಲಿ ಕೈತಪ್ಪಿ ಗುಂಡಿ ಒತ್ತಿದೆ ಎಂದೆ. ರೆಕಾರ್ಡಿಂಗ್‌ನಲ್ಲಿ ನನ್ನದೇ ದನಿ ಬೇರೆ ಮಾತು ಹೇಳುತ್ತದೆ. ಹಾಗಾಗಿ ಈಗ ರೆಕಾರ್ಡರನ್ನು ಪಕ್ಕದಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ. ನಾನು ಸುಳ್ಳು ಹೇಳಿದಲ್ಲಿ ಅದು ತಿದ್ದಲಿ.

ಆಗ ಮನುಷ್ಯರೇ ಇಲ್ಲದ ಒಂದು ಕಾದಂಬರಿ ಬರೆಯುವ ಹಟ ನನ್ನದು. ಪಾತ್ರ ಬೇಡ, ಕತೆ ಬೇಡ, ಬರೀ ಸದ್ದು. ಸದ್ದು ಕೂಡಿಸಲೆಂದು ಬೈಲಹೊಂಗಲದ ರಾಜಾಸಾಬನ ವ್ಯಾನು ಗೊತ್ತುಮಾಡಿಕೊಂಡು ಎರಡು ತಿಂಗಳು ಅಲೆದೆ. ರಾಜಾಸಾಬ ಗಾಡಿ ಓಡಿಸುವಷ್ಟೇ ಹೊತ್ತು ಬಾಯಿಯನ್ನೂ ಓಡಿಸುವ ಮನುಷ್ಯ.

"ಪುಸ್ತಕದಾಗ ಮಂದೀನ ಇಲ್ಲಂದ್ರ ಓದಾಕ ಯಾರ ಬರತಾರ್ರಿ ಸರ್ರ? ದೆವ್ವ?"

"ಬಂದರ ಬರಲಿ."

"ಬರತಾವ್ರಿ. ಕರದ್ರ ಬರತಾವ."

ಬೈಲಹೊಂಗಲದಲ್ಲಿ ಟ್ರ್ಯಾಕ್ಟರ್ ಟ್ರೇಲರಿನ ಹಿಂದೆ ಹುಲಿ, ಎತ್ತು ಬರೆಯುವ ಪೇಂಟರ್ ಒಬ್ಬರ ಕುಂಚದ ಸದ್ದು ಹಿಡಿದೆ. ಕಿತ್ತೂರಿನ ಕೋಟೆಯ ಹೊರಗೆ ಏಕತಾರಿಯ ಮುದುಕ. ಸಂಗೊಳ್ಳಿಯಲ್ಲಿ ಡೊಳ್ಳು. ಸವದತ್ತಿಯಲ್ಲಿ ಚೌಡಿಕೆ ನುಡಿಸುವ ಹೆಂಗಸು ಮೈಕನ್ನು ಕೈಯಿಂದ ಆಚೆ ಸರಿಸಿ, "ಮೊದಲ ನೀ ಒಂದ ಹಾಡು. ನಾ ಕೇಳಿ ನಗತೇನಿ. ಆಮ್ಯಾಲ ನೋಡೋಣು" ಎಂದಳು. ನಾನು ಹಾಡಲಿಲ್ಲ. ಹಾಡಿದ್ದರೆ ಏನಾದರೂ ಕಲಿಯುತ್ತಿದ್ದೆನೇನೋ. ಕೇಳುವವನು ಹಾಡುವವರ ಜಾಗದಲ್ಲಿ ಒಮ್ಮೆ ನಿಲ್ಲಬೇಕೆಂದು ಆಕೆ ಹೇಳುತ್ತಿದ್ದಳು ಅಂತ ಈಗ ಅನಿಸುತ್ತದೆ. ಆಗ ಅನಿಸಿದ್ದು, ಒಂದು ಮಧ್ಯಾಹ್ನ ದಂಡವಾಯಿತು ಅಂತ ಮಾತ್ರ.

ಕಪ್ಪುಮಣ್ಣಿನ ಎರಿಹೊಲಗಳು ಬಿರಿದು ಬಾಯಿಬಿಟ್ಟಿದ್ದವು. ದಿನಾ ಮೂರು ಗಂಟೆಗೆ ಪಡುವಣದಲ್ಲಿ ಗುಡುಗುತ್ತಿತ್ತು, ಹನಿ ಬೀಳುತ್ತಿರಲಿಲ್ಲ. ರಸ್ತೆಯ ಎರಡೂ ಬದಿಗೆ ಸುಂಟರಗಾಳಿ ಎದ್ದು, ಹತ್ತಿಕಟ್ಟಿಗೆಯ ಚೂರು, ಪ್ಲಾಸ್ಟಿಕ್ಕು, ಕಾಗದ ಎಲ್ಲವನ್ನೂ ಎತ್ತಿಕೊಂಡು ವ್ಯಾನಿನ ಜೊತೆ ಸ್ವಲ್ಪ ದೂರ ಓಡಿ ನಿಲ್ಲುತ್ತಿತ್ತು. ಈ ಸುಂಟರಗಾಳಿಯನ್ನು ರೆಕಾರ್ಡರ್ ಒಪ್ಪುತ್ತದೆ. ಹದಿನೇಳನೆಯ ಫೈಲಿನಲ್ಲಿ ಇದೆ.

ಯರಗಟ್ಟಿಯಲ್ಲಿ ಆ ಅಣ್ಣತಮ್ಮಂದಿರು ಸಿಕ್ಕರು. ಅಣ್ಣ ಹುಸೇನಸಾಬ, ತಮ್ಮ ದಾವಲಸಾಬ. ತಲೆಮಾರುಗಳಿಂದ ಸನಾದಿ ಊದುವ ಮನೆ. ಅವರದು ಕರಡಿ ಮಜಲಿನ ಮೇಳ: ಕರಡಿ ಎಂಬ ದೊಡ್ಡ ಚರ್ಮವಾದ್ಯ ಬಾರಿಸುವವನೊಬ್ಬ, ತಾಳದವನೊಬ್ಬ, ಸನಾದಿಯವರು ಇಬ್ಬರು. ಮದುವೆಗೂ ಇವರೇ ಬೇಕು, ಹೆಣಕ್ಕೂ ಇವರೇ ಬೇಕು. ಮನೆಯಲ್ಲಿ ಉರ್ದು, ಸನಾದಿ ಕೈಗೆ ಬಂದರೆ ಕನ್ನಡ. ಎರಡು ಸನಾದಿಗಳಲ್ಲಿ ಅಣ್ಣನದು ಹಾಡು ನುಡಿಸುವುದು. ತಮ್ಮನದು ಸುರ ಹಿಡಿಯುವುದು, ಎಂದರೆ ಒಂದೇ ಸ್ವರವನ್ನು ಕೊನೆಯವರೆಗೆ ಬಿಡದೆ ಊದುತ್ತ ನಿಲ್ಲುವುದು. ಸುರದ ಸನಾದಿಗೆ ಬೆರಳಿನ ಕೆಲಸವಿಲ್ಲ. ಅದರ ತೂತುಗಳನ್ನು ಜೇನುಮೇಣದಿಂದ ಮುಚ್ಚಿರುತ್ತಾರೆ. ದಾವಲಸಾಬ ಇಪ್ಪತ್ತೆಂಟು ವರ್ಷ ಸುರ ಹಿಡಿದಿದ್ದ.

"ಬ್ಯಾಸರ ಬರೂದಿಲ್ಲೇನು?" ಎಂದೆ.

ಉತ್ತರ ಕೊಟ್ಟವರು ಹುಸೇನಸಾಬ. "ಗೋಡಿಗೆ ಬ್ಯಾಸರ ಬರತದೇನ್ರಿ? ಅದು ನಿಂತೈತಿ ಅಂತ ಮ್ಯಾಲ ಮಾಳಗಿ ಐತಿ." ತಮ್ಮ ನಕ್ಕ.

ಹುಸೇನಸಾಬರ ಜೇಬಿನಲ್ಲಿ ಅಜವಾನದ ಗಂಟು ಇರುತ್ತಿತ್ತು. ಎರಡು ಹಾಡಿನ ನಡುವೆ ಅದನ್ನು ಮೂಸುತ್ತಿದ್ದರು, ಚಿಟಿಕೆ ಬಾಯಿಗೂ ಹಾಕುತ್ತಿದ್ದರು. ಜೀವಮಾನವೆಲ್ಲ ವಾದ್ಯದ ಪಕ್ಕ ನಿಂತು ಕಿವಿ ಮಂದವಾಗಿತ್ತು. "ಕರಡಿ ನನ್ನ ಬಲಗಿವಿ ತಿಂದಬಿಟ್ಟೈತ್ರಿ. ಎಡದ್ದನ್ನ ನಾಳಿಗೆ ಅಂತ ಇಟ್ಟೈತಿ" ಎನ್ನುತ್ತಿದ್ದರು.

ಇಬ್ಬರ ಕಾಲರಿಗೂ ಬೇರೆ ಬೇರೆ ಮೈಕು ಹಾಕಿದೆ. ಯರಗಟ್ಟಿಯ ಮಂದಿಗೆ ಎಂದೂ ಒಂದೇ ಸದ್ದಾಗಿ ಕೇಳುತ್ತಿದ್ದದ್ದು ನನ್ನ ಹೆಡ್‌ಫೋನಿನಲ್ಲಿ ಎರಡಾಗಿ ಕೇಳತೊಡಗಿತು. ಸ್ವಲ್ಪ ಹೊತ್ತಿನ ಮೇಲೆ ಅಣ್ಣನ ಮೈಕಿನಲ್ಲಿ ಹಾಡು ತೆಳ್ಳಗಾಯಿತು. ಆಮೇಲೆ ಇಲ್ಲವೇ ಇಲ್ಲ. ಒದ್ದೆ ಬಟ್ಟೆ ಎಳೆದಂಥ ಒಂದು ಉಸಿರು, ಅಷ್ಟೇ. ತಲೆಯೆತ್ತಿ ನೋಡಿದರೆ ಹುಸೇನಸಾಬರ ತುಟಿಯ ಮೇಲೆ ಸನಾದಿ ಇದೆ, ಬೆರಳು ಆಡುತ್ತಿವೆ, ಹಾಡೂ ನಡೆದಿದೆ. ಹಾಡು ಬರುತ್ತಿದ್ದದ್ದು ತಮ್ಮನ ಮೈಕಿನಿಂದ. ಅವನ ಸನಾದಿಯ ತೂತುಗಳಲ್ಲಿ ಮೇಣವಿರಲಿಲ್ಲ. ಅಣ್ಣನ ಉಸಿರು ತಿರುಗಿ ಬಂದಾಗ ತಮ್ಮ ಮತ್ತೆ ಸುರಕ್ಕೆ ಇಳಿದ. ವಾದ್ಯದ ಗದ್ದಲದಲ್ಲಿ ಸುರ ಬಿಟ್ಟದ್ದು ಯಾರಿಗೂ ಗೊತ್ತಾಗುವಂತಿರಲಿಲ್ಲ. ನಾನು ಅವನನ್ನೇ ನೋಡುತ್ತಿದ್ದೆ. ಅವನು ಊದುತ್ತಲೇ ಕಣ್ಣಿನಲ್ಲಿ 'ಬ್ಯಾಡ' ಎಂದ.

ಆಮೇಲೆ ವ್ಯಾನಿನ ಮರೆಗೆ ಕರೆದುಕೊಂಡು ಹೋಗಿ ಹೇಳಿದ: "ಭಾಯಿಗೆ ದವಾಖಾನ್ಯಾಗ ಊದೂದು ಬಿಡು ಅಂದಾರ್ರಿ. ಊದಿದ್ರ ಎದಿ ನಿಲ್ಲತೈತಿ ಅಂತ. ಬಿಟ್ರ ಇವ ಎರಡ ದಿನ ಬದುಕೂದಿಲ್ಲ. ಮೂರ ವರ್ಷದ ಹಿಂದ ನಾನ ಮೇಣ ಕೆರದ ತಗದೆ. ಅವನ ದಮ್ಮು ಹೋದಲ್ಲೆ ನಾ ಹಾಕತೇನಿ."

"ಅವರಿಗೆ ಗೊತ್ತಿಲ್ಲೇನು?"

"ಕಿವಿ ಮಂದ ಅಲ್ರಿ. ಬಾಜೂಕ ನಿಂತ ಊದಿದ್ರ ತನ್ನದ ಅಂತ ತಿಳೀತಾನ. ಸರ್ರ, ಎರಡೂ ಕೂಡಿಸಿ ಎಷ್ಟ ಬೇಕಾದ್ರೂ ಕೇಳಿಸ್ರಿ. ಬ್ಯಾರೆ ಮಾಡಿ ಕೇಳಿಸಬ್ಯಾಡ್ರಿ. ಮಾತ ಕೊಡ್ರಿ."

ಮಾತು ಕೊಟ್ಟೆ.

ಮರುದಿನ ಮುಂಜಾನೆ ಹುಸೇನಸಾಬ ವ್ಯಾನಿಗೆ ಬಂದು ಕುಳಿತರು. ದಾವಲಸಾಬ ಚಹಾ ತರಲು ಹೋಗಿದ್ದ. ಇಲ್ಲಿಂದ ಮುಂದೆ ನಾನು ಎಲ್ಲರಿಗೂ ಹೇಳಿಕೊಂಡು ಬಂದದ್ದು, ಗುಂಡಿ ತಪ್ಪಿತು ಅಂತ. ಆದರೆ ವ್ಯಾನಿನೊಳಗಿನ ಸದ್ದಿಗೆಂದು ಇನ್ನೊಂದು ರೆಕಾರ್ಡರನ್ನು ಸ್ಟೇರಿಂಗಿನ ಮುಂದೆ ಇಟ್ಟಿದ್ದೆ, ಅದು ಓಡುತ್ತಲೇ ಇತ್ತು. ಅದರಲ್ಲಿರುವುದು ಹೀಗೆ. ಮೊದಲು ಅವರ ದನಿ: "ಎಲ್ಲಾರದೂ ಬ್ಯಾಡ್ರಿ. ನಂದಷ್ಟ ಕೇಳಿಸ್ರಿ." ಹೊರಗೆ ಒಂದು ಬಸ್ಸಿನ ಹಾರ್ನು. ಬಳಿಕ ನನ್ನ ದನಿ, ಸ್ವಲ್ಪವೂ ತಡವರಿಸದೆ: "ಪೂರಾ ಕೇಳ್ರಿ ಚಾಚಾ. ನಡುವ ತಗೀಬ್ಯಾಡ್ರಿ."

ಅವರ ಮೈಕಿನದನ್ನಷ್ಟೇ ಯಾಕೆ ಕೇಳಿಸಿದೆ? ಒಬ್ಬ ಮನುಷ್ಯ ತನ್ನ ಮೌನವನ್ನು ತಾನೇ ಕೇಳುವಾಗ ಮುಖ ಹೇಗಾಗುತ್ತದೆ ಎಂದು ನೋಡಬೇಕಿತ್ತು. ಮನುಷ್ಯರಿಲ್ಲದ ಪುಸ್ತಕ ಬರೆಯುತ್ತೇನೆ ಎಂದವನಿಗೆ ಮುಖವೇ ಬೇಕಾಗಿತ್ತು.

ಮುಖದಲ್ಲಿ ಏನೂ ಆಗಲಿಲ್ಲ. ಪೂರ್ತಿ ಕೇಳಿದರು. ಹೆಡ್‌ಫೋನು ತೆಗೆದು, ಕಿವಿಗೆ ತಾಗಿದ ಭಾಗವನ್ನು ಧೋತರದ ಅಂಚಿನಿಂದ ಒರೆಸಿ ಕೊಟ್ಟರು. ನನ್ನ ಅಂಗೈಗೆ ನಾಲ್ಕು ಕಾಳು ಅಜವಾನ ಹಾಕಿ, "ಗೊತ್ತಿತ್ತು ಅನಸ್ತದ್ರಿ. ಕೇಳಿರಲಿಲ್ಲ" ಎಂದರು.

ದಾವಲಸಾಬ ಚಹಾ ಹಿಡಿದುಕೊಂಡು ಬಂದ. ಅವನ ಬಗಲಿನ ಚೀಲದಿಂದ ಅಣ್ಣ ಸುರದ ಸನಾದಿಯನ್ನು ಎಳೆದು, ಬೆಳಕಿಗೆ ಹಿಡಿದು ನೋಡಿದರು.

"ಮೇಣ ಎಲ್ಲಿ?"

"ಬ್ಯಾಸಗಿ ಅಲ್ಲ ಭಾಯ್. ಕರಗೇತಿ."

"ನಮ್ಮ ಮನ್ಯಾಗ ಚಳಿಗಾಲ ಬಂದ ಇಲ್ಲೇನು?"

ಹುಸೇನಸಾಬ ಮನೆಯೊಳಗೆ ಹೋಗಿ ಹೆಂಡತಿಯಿಂದ ಮೇಣ ಇಸಿದುಕೊಂಡು ಹೊಸ್ತಿಲಲ್ಲೇ ಕುಳಿತರು. ಬೆರಳಿನ ಬಿಸಿಗೆ ಅದನ್ನು ಮೆತ್ತಗೆ ಮಾಡಿ, ಒಂದೊಂದೇ ತೂತಿಗೆ ಹೆಬ್ಬೆರಳಿನಿಂದ ಒತ್ತಿದರು. ಏಳು ತೂತು. "ಇನ್ನ ಸುರ ಹಿಡಿ. ಸುರ ಅಷ್ಟ. ನಾ ನಿಂತ್ರ ಹಾಡು ನಿಲ್ಲತೈತಿ. ನನ್ನ ಬಾಯಾಗಿಂದು ನೀ ಕಸಗೋಬ್ಯಾಡ. ತಿಳೀತ?"

"ತಿಳೀತು ಭಾಯ್."

ನನ್ನ ಹತ್ತಿರ ಹಾದು ಹೋಗುವಾಗ ದಾವಲಸಾಬ, "ಮಾತ ಕೊಟ್ಟಿದ್ರಿ ಸರ್ರ" ಎಂದ. ಅಷ್ಟೇ ಅಂದ.

ನಾಲ್ಕು ದಿನಕ್ಕೆ ಸಾಲಹಳ್ಳಿಯಿಂದ ಕರೆ ಬಂತು. ದೊಡ್ಡ ಒಕ್ಕಲುತನದ ಮನೆಯ ಹಿರಿಯಜ್ಜಿ ತೀರಿಕೊಂಡಿದ್ದಳು. ಈ ಸೀಮೆಯಲ್ಲಿ ಅಂಥವರ ಹೆಣವನ್ನು ಹೂವಿನ ವಿಮಾನದಲ್ಲಿ ಕುಳ್ಳಿರಿಸಿ, ಹೊತ್ತುಕೊಂಡು ಅವರದೇ ಹೊಲಕ್ಕೆ ಒಯ್ದು ಮಣ್ಣು ಮಾಡುತ್ತಾರೆ. ಮೇಳ ಮುಂದೆ ನಡೆಯುತ್ತದೆ.

"ನೀ ಬ್ಯಾಡ ಭಾಯ್. ಸವದತ್ತಿ ಮ್ಯಾಳ ಕಳಸೋಣು" ಎಂದ ದಾವಲಸಾಬ.

"ಆಕಿ ಮದುವಿಗೆ ನಮ್ಮಪ್ಪ ಊದಿದ್ದ. ಆಕಿ ಮಣ್ಣಿಗೆ ಸವದತ್ತಿಯವರು ಊದಬೇಕೇನು?"

ಹುಸೇನಸಾಬರ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ನನಗೆ ಹೇಳಿದಳೋ, ಗಾಳಿಗೆ ಹೇಳಿದಳೋ: "ಹೋಗಬ್ಯಾಡ್ರಿ ಅನ್ನಾಕ ನನಗ ಬಾಯಿಲ್ಲ. ಅವರಿಗೆ ಕಿವಿ ಇಲ್ಲ."

ರಾಜಾಸಾಬನ ವ್ಯಾನಿನಲ್ಲೇ ಮೇಳ ಹೊರಟಿತು. ಮುಂದಿನ ಸೀಟಿನಲ್ಲಿ ಹುಸೇನಸಾಬ, ಅವರ ಕಾಲರಿನಲ್ಲಿ ನನ್ನ ಮೈಕು. ಈಗಲಾದರೂ ನಾನು ಅದನ್ನು ತೆಗೆದಿಡಬಹುದಿತ್ತು. ರಾಮದುರ್ಗದ ರಸ್ತೆ ಹಿಡಿದ ಮೇಲೆ ರಾಜಾಸಾಬ ಒಂದೆರಡು ಚಾಷ್ಟಿ ಮಾಡಿದ. ಯಾರೂ ನಗಲಿಲ್ಲ. ಆಮೇಲೆ ಸುಮ್ಮನಿರಲಾರದೆ ನನಗೆ ರೂಢಿ ತಿಳಿಸತೊಡಗಿದ.

"ವಿಮಾನ ಮನಿ ಬಿಟ್ಟಮ್ಯಾಲ ಕುಣಿ ಮುಟ್ಟೂತನಕಾ ಸನಾದಿ ಹಾಡು ಕಡೀಬಾರದ್ರಿ ಸರ್ರ. ಕಡದ್ರ ಹೊತ್ತವರು ನಿಂದರಬೇಕು, ಕೆಳಗ ಇಳಸಬೇಕು. ನಡುದಾರ್ಯಾಗ ಇಳದ ವಿಮಾನ ಇನ್ನೊಬ್ಬರನ್ನ ಕರೀತದ."

"ಯಾರನ್ನ?"

"ಹೆಸರ ಹೇಳಿ ಕರದ್ರ ಉಳದವರಿಗೆ ಅಂಜಿಕಿ ಎಲ್ಲಿದ್ದು?"

"ರಾಜ್ಯಾ, ರಸ್ತಾ ನೋಡಿ ಹೊಡಿ" ಎಂದರು ಹುಸೇನಸಾಬ. ಅಷ್ಟು ಅವರಿಗೆ ಕೇಳಿಸಿತ್ತು.

ವಿಮಾನ ಮನೆ ಬಿಟ್ಟು ಓಣಿ ದಾಟುವವರೆಗೆ ಎಲ್ಲ ಸರಿಯಿತ್ತು. ಸರಿಗಿಂತ ಹೆಚ್ಚೇ ಇತ್ತು. ಅಷ್ಟು ಚೆನ್ನಾಗಿ ಹುಸೇನಸಾಬ ಊದಿದ್ದನ್ನು ನಾನು ಕೇಳಿರಲಿಲ್ಲ; ಇದನ್ನು ರೆಕಾರ್ಡಿಂಗೂ ಹೇಳುತ್ತದೆ. ಊರು ಮುಗಿದು ಹೊಲದ ದಾರಿ ಬಂತು. ಏರು. ಬಿಸಿಲು ಇನ್ನೂ ಇಳಿದಿರಲಿಲ್ಲ, ಪಡುವಣದಲ್ಲಿ ಒಣ ಗುಡುಗು. ವಿಮಾನದಲ್ಲಿ ಕುಳಿತ ಅಜ್ಜಿಯ ತಲೆ ಹೊತ್ತವರ ಹೆಜ್ಜೆಗೆ ಅಷ್ಟಷ್ಟೇ ಹೂಂಗುಟ್ಟುತ್ತಿತ್ತು. ನಾನು ಹೆಡ್‌ಫೋನು ಹಾಕಿಕೊಂಡು ಮೇಳದ ಪಕ್ಕ ಹಿಮ್ಮುಖವಾಗಿ ನಡೆಯುತ್ತಿದ್ದೆ. ಅಣ್ಣನ ಮೈಕಿನಲ್ಲಿ ಒದ್ದೆ ಬಟ್ಟೆಯ ಸದ್ದು ಶುರುವಾಯಿತು. ಹಾಡು ತೆಳ್ಳಗಾಯಿತು. ದಾವಲಸಾಬನ ಕಣ್ಣು ಅಣ್ಣನ ಬೆನ್ನಿನ ಮೇಲೆ ಇತ್ತು. ಅವನ ಬೆರಳುಗಳು ಮೇಣದ ಮೇಲೆ ಇದ್ದವು.

ಹಾಡು ನಿಂತಿತು.

ಹನ್ನೊಂದು ಸೆಕೆಂಡು. ಕರಡಿ ಹೊಡೆಯುತ್ತಿದೆ, ಸುರ ಅಲ್ಲಾಡದೆ ನಿಂತಿದೆ, ಹಾಡಿಲ್ಲ. ಹೊತ್ತವರು ಒಬ್ಬರ ಮುಖ ಒಬ್ಬರು ನೋಡಿದರು. "ಇಳಸಬ್ಯಾಡ್ರೋ!" ಎಂದು ಒಂದು ಹೆಣ್ಣುದನಿ. ಅದರ ಬೆನ್ನಿಗೇ ನೆಲಕ್ಕೆ ಭಾರ ತಾಗಿದ ಸದ್ದು. ಆಮೇಲೆ ಕರಡಿಯೂ ನಿಂತಿತು.

ಹುಸೇನಸಾಬ ಬದುವಿನ ಬೇವಿನ ಬುಡದಲ್ಲಿ ಕುಸಿದು ಕುಳಿತಿದ್ದರು. ರಾಜಾಸಾಬ ನೀರು ಕುಡಿಸಿದ. ಮಂದಿ ವಿಮಾನ ಎತ್ತಿಕೊಂಡು ಬರೀ ಕರಡಿಯ ಬಡಿತದ ಮೇಲೆ ಮುಂದೆ ಹೋದರು. ಊರ ಹಿರಿಯನೊಬ್ಬ ಹಿಂದೆ ಉಳಿದು, ಕೋಲೂರಿ ಅವರ ಎದುರು ನಿಂತು, "ನಿಂದೇನ ತಪ್ಪಿಲ್ಲ ಹುಸೇನಸಾಬ. ಆದರ ಇಳೀತು" ಎಂದ.

ಆ ಬೇಸಿಗೆಯ ಉಳಿದ ದಿನಗಳನ್ನು ನಾನು ಕಂಡದ್ದು ಕಡಿಮೆ, ಧಾರವಾಡಕ್ಕೆ ಮರಳಿದ್ದೆ. ರಾಜಾಸಾಬ ಫೋನಿನಲ್ಲಿ ಹೇಳುತ್ತಿದ್ದ. ಮೇಳಕ್ಕೆ ಕರೆ ನಿಂತವು. ಸಾಲಹಳ್ಳಿಯಲ್ಲಿ ಮುದುಕರು ಏರಿನ ದಾರಿ ಬಿಟ್ಟು ಸುತ್ತು ಹಾಕಿ ಹೊಲಕ್ಕೆ ಹೋಗುತ್ತಿದ್ದರು. ಯಾರಿಗೆ ಜ್ವರ ಬಂದರೂ ಊರೆಲ್ಲ ಒಮ್ಮೆ ಬಂದು ಇಣುಕುತ್ತಿತ್ತು. ಮಳೆ ಹಿಡಿಯಿತು, ಬಿತ್ತನೆ ಮುಗಿಯಿತು. ಶ್ರಾವಣದ ನಡುವೆ ಹುಸೇನಸಾಬ ದವಾಖಾನೆಯಲ್ಲಿ ತೀರಿಕೊಂಡರು. ಆ ಸುದ್ದಿ ಮುಟ್ಟಿದ ದಿನ ಸಾಲಹಳ್ಳಿಯ ಮಂದಿ ಹಗುರಾದರಂತೆ. ವಿಮಾನದ ಕರೆ ತಮ್ಮೂರಿನೊಳಗೆ ಬರಲಿಲ್ಲ ಅಂತ.

ನಾನು ಇದನ್ನು ನಂಬುವುದಿಲ್ಲ. ಅವರ ಎದೆಯ ವಿಷಯ ವೈದ್ಯರು ಮೊದಲೇ ಹೇಳಿದ್ದರು. ಆದರೆ ಅವರನ್ನು ಕರೆದವರು ಯಾರು ಎಂದು ಕೇಳಿದರೆ, ವಿಮಾನದ ಹೆಸರು ಹೇಳಿ ತಪ್ಪಿಸಿಕೊಳ್ಳುವ ಸೌಲಭ್ಯ ಸಾಲಹಳ್ಳಿಯವರಿಗಿದೆ. ನನಗಿಲ್ಲ.

ಸಾವಿನ ಸುದ್ದಿ ಬಂದ ಮೇಲೆ ಆ ಹನ್ನೊಂದು ಸೆಕೆಂಡನ್ನು ಅಣ್ಣನ ಮೈಕಿನಿಂದ ಮಾತ್ರ ಕೇಳಿದೆ. ಉಸಿರಿನ ಎಳೆತದ ನಡುವೆ ಏನೋ ಇತ್ತು. ದನಿ ಏರಿಸಿದೆ. ಹುಸೇನಸಾಬ ತುಟಿಯಿಂದ ಸನಾದಿ ತೆಗೆದು ಹೇಳುತ್ತಿದ್ದರು: "ಮೇಣ ತಗೀ ದಾವಲ್. ಊದೋ." ಮತ್ತೊಮ್ಮೆ, "ಊದೋ." ಕರಡಿಯ ಹೊಡೆತದಲ್ಲಿ ಅದು ಎರಡು ಹೆಜ್ಜೆ ಹಿಂದಿದ್ದ ತಮ್ಮನಿಗೆ ಮುಟ್ಟಲಿಲ್ಲ. ಅವತ್ತು ಹೆಡ್‌ಫೋನು ಹಾಕಿಕೊಂಡಿದ್ದ ನನ್ನ ಕಿವಿಗೂ ಮುಟ್ಟಲಿಲ್ಲ. ಮೈಕೊಂದೇ ಕೇಳಿತ್ತು. ನಾನು ಆ ಫೈಲು ಮುಚ್ಚಿದೆ. ಪುಸ್ತಕವನ್ನೂ ಬಿಟ್ಟೆ.

ಹೋದ ತಿಂಗಳು ದಾವಲಸಾಬ ಫೋನು ಮಾಡಿದ. ಒಮ್ಮೆ ಬರ್ರಿ, ಮಷಿನ್ ತಗೊಂಡ ಬರ್ರಿ, ಅಂದ. ಡಬ್ಬಿ ತೆಗೆದದ್ದು ಅದಕ್ಕೆ.

ಅವನೀಗ ಯರಗಟ್ಟಿಯ ಮಾರುಕಟ್ಟೆಯಲ್ಲಿ ಚೀಲ ಹೊರುತ್ತಾನೆ. ಬಸ್ ನಿಲ್ದಾಣದ ಎದುರಿನ ಚಹಾದಂಗಡಿಯಲ್ಲಿ ಮೂಲೆಯ ಮೇಜು ಹಿಡಿದು ಕುಳಿತಿದ್ದ. ಬೈಸಿಕೊಳ್ಳುವ ಸಿದ್ಧತೆಯಲ್ಲಿ ನಾನು ಹೋಗಿದ್ದೆ. ಅವನು ನನಗೆ ಚಹಾ ಹೇಳಿದ.

"ಮೇಣ ಬಿಸಿಲಿಗೆ ಮೆತ್ತಗಾಗಿತ್ರಿ ಸರ್ರ. ಉಗರ ತಾಗಿಸಿದ್ರ ಬರತಿತ್ತು. ತಗದ ಊದಿಬಿಡಲಿ ಅಂತ ಮನಸ ಬಂತು. ಆದರ ಭಾಯಿ ಮಾತ ಮೀರಲಿಲ್ಲ ನಾ. ಮಂದಿ ಏನ ಬೇಕಾದ್ದ ಅನ್ಲಿ. ಅದೊಂದ ಸಮಾಧಾನದ ಮ್ಯಾಲ ಇದ್ದೇನಿ."

ನಾನು ಹೆಡ್‌ಫೋನಿನ ವೈರಿನ ಗಂಟು ಬಿಡಿಸತೊಡಗಿದೆ.

"ಆವತ್ತಿಂದು ಕೇಳಿಸ್ರಿ. ಎಲ್ಲಾರದೂ ಬ್ಯಾಡ. ಭಾಯಿದಷ್ಟ."

"ಅದರಾಗ ಏನಿಲ್ಲ ದಾವಲಸಾಬ. ಬರೇ ಗಾಳಿ ಐತಿ."

"ಗಾಳಿ ಆದರೇನಾತು. ಅವಂದ ಅಲ್ಲೇನ್ರಿ?"

ಹೆಡ್‌ಫೋನು ಹಾಕಿಕೊಂಡ. ಸ್ಪಂಜಿನ ಟೊಪ್ಪಿಗೆಯನ್ನು ಕೈಗೆತ್ತಿಕೊಂಡು ಮೂಸಿ, ಮುಷ್ಟಿಯಲ್ಲಿ ಹಿಡಿದುಕೊಂಡ. ಓಣಿ, ಏರು, ಅಣ್ಣನ ಒಳ್ಳೆಯ ಊದಿಕೆ ಎಲ್ಲ ಅವನ ಮುಖದ ಮೇಲೆ ಹಾದುಹೋದವು. ನಾನು ರೆಕಾರ್ಡರಿನಲ್ಲಿ ಓಡುವ ಅಂಕಿಗಳನ್ನು ನೋಡುತ್ತಿದ್ದೆ. ಆ ಹನ್ನೊಂದು ಸೆಕೆಂಡು ಹತ್ತಿರ ಬಂದಾಗ, ಗೊತ್ತಾಗದ ಹಾಗೆ ದನಿ ಇಳಿಸಿದೆ.

ದಾವಲಸಾಬ ತಲೆಯೆತ್ತಿದ. "ಇಲ್ಲೆ ಏನೋ ಅಂದಾನ. ಹಿಂದಕ ಒಯ್ರಿ. ದನಿ ಏರಸ್ರಿ."

"ಕೆಮ್ಮಿದ್ದು ಅದು."

"ನನ್ನ ಹೆಸರ ಅಂದಾನ್ರಿ. ಏರಸ್ರಿ ಸರ್ರ."

ಹಿಂದಕ್ಕೆ ಒಯ್ದೆ. ಏರಿಸಿದೆ.

ಇಲ್ಲಿಂದ ಮುಂದಿನದಕ್ಕೆ ರೆಕಾರ್ಡರಿನ ಸಾಕ್ಷಿಯಿಲ್ಲ. ಅದು ಹಳೆಯದನ್ನು ನುಡಿಸುವುದರಲ್ಲಿತ್ತು. ನನ್ನ ಮಾತನ್ನೇ ನಂಬಬೇಕು. ದಾವಲಸಾಬನ ಗಲ್ಲ ಎರಡೂ ಉಬ್ಬಿ ಬಂದವು, ಸುರ ಹಿಡಿಯುವಾಗ ಉಬ್ಬುವ ಹಾಗೆ. ಬಲಗೈಯ ಹೆಬ್ಬೆರಳ ಉಗುರು ಮೇಜಿನ ಅಂಚನ್ನು ಕೆರೆಯತೊಡಗಿತು. ಒಂದು ಕಡೆ ಕೆರೆದು, ಸ್ವಲ್ಪ ಸರಿದು, ಮತ್ತೊಂದು ಕಡೆ. ಏಳು ಕಡೆ ಕೆರೆಯಿತು. ಆಮೇಲೆ ಮತ್ತೆ ಮೊದಲಿನಿಂದ.